ತುಟ್ಟಿಭತ್ಯೆ

ಸಪ್ತಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಹಣದುಬ್ಬರದ ಬಗ್ಗೆ ಕೊರೆಯತೊಡಗಿದರೆ ನನ್ನ ಚಹಾ ಆರಿ ತಣ್ಣಗಾಗುತ್ತಿತ್ತು. ಸರ್ಕಾರ ತುಟ್ಟಿಭತ್ಯೆ ಏರಿಸಿದಾಗಲಂತೂ ಅವರ ಮನೆಯಲ್ಲಿ ಹಬ್ಬ. ಅಂಥದೊಂದು ಬೆಳಿಗ್ಗೆ ನನಗೆ ಪೇಢೆ ಕೊಟ್ಟ ಕೈಯಲ್ಲೇ ಕಾಯಿಪಲ್ಲೆ ಮಾರುವ ಅಜ್ಜಿಯನ್ನು ಗೇಟಿನ ಬಳಿ ನಿಲ್ಲಿಸಿದರು. ಮೆಂತ್ಯದ ಕಟ್ಟಿಗೆ ಅವಳು ಎರಡು ರೂಪಾಯಿ ಏರಿಸಿದ್ದಳು.

“ಏನವಾ, ಇಷ್ಟು ತುಟ್ಟಿ ಮಾಡೀಯಲ್ಲಾ! ಮಂದಿ ಬದುಕಬೇಕೋ ಬ್ಯಾಡೋ?”

“ಸಾಹೇಬ್ರ, ಎಲ್ಲಾ ತುಟ್ಟಿ ಆಗೇತಿ ಅಂತ ನಿಮಗ ಸರ್ಕಾರ ಕೊಡತೈತಿ. ನನಗ ನೀವ ಕೊಡಬೇಕಲ್ರಿ,” ಎಂದಳು ಅಜ್ಜಿ.

ವರ್ಷವಿಡೀ ಇವರು ತರಗತಿಯಲ್ಲಿ ಒದರಿದ್ದಕ್ಕಿಂತ ಹೆಚ್ಚಿನ ಅರ್ಥಶಾಸ್ತ್ರ ಆ ಒಂದು ಮಾತಿನಲ್ಲಿತ್ತು. ಮಹಾಶಯರ ಕಿವಿಗೆ ಮಾತ್ರ ಅದು ಬೀಳಲೇ ಇಲ್ಲ. “ಓದು ಬರಹ ಇಲ್ಲದವರಿಗೆ ಇದೆಲ್ಲಾ ತಿಳಿಯಂಗಿಲ್ಲರಿ,” ಎಂದು ನನ್ನತ್ತ ನಕ್ಕು, ಹಳೆಯ ದರದ ದುಡ್ಡನ್ನೇ ಅವಳ ಕೈಗೆ ತುರುಕಿ, ಕೊಸರೆಂದು ಒಂದು ಹಿಡಿ ಕೊತ್ತಂಬರಿಯನ್ನೂ ಎತ್ತಿಕೊಂಡರು. ನಾನೂ ಎಂಥ ಹೇಡಿ! ಪೇಢೆ ಚಪ್ಪರಿಸುತ್ತ ನಿಂತಿದ್ದೆ.

ಮುಂದಿನ ತಿಂಗಳು ನನ್ನ ಬಾಡಿಗೆ ಏರಿಸಿದರು. ಯಾಕೆಂದು ಕೇಳಿದೆ.

“ಎಲ್ಲಾ ತುಟ್ಟಿ ಆಗೇತಲ್ರಿ,” ಎಂದರು.