ಪ್ರಮಿಲಾಬಾಯಿ ಆರಿಸಿಕೊಂಡ ಕಪ್ಪು ಪರದೆ

ಆಳಂದದಲ್ಲಿ ಮನೆ ಕಟ್ಟಿಸುವವರು ಮೊದಲು ಪ್ರಮಿಲಾಬಾಯಿಯವರ ಮನೆಗೆ ಹೋಗುತ್ತಿದ್ದರು. ೧೯೭೪ರಲ್ಲಿ ಗುಲಬರ್ಗಾದಲ್ಲಿ ನಕ್ಷೆ ಬರೆಯುವ ತರಬೇತಿ ಮುಗಿಸಿದವರಲ್ಲಿ ಅವರೊಬ್ಬರೇ ಹೆಣ್ಣುಮಗಳು. ಎಂಟು ವರ್ಷ ಎಂಜಿನಿಯರರೊಬ್ಬರ ಕಚೇರಿಯಲ್ಲಿ ಬೇರೆಯವರ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಗೆರೆ ತಿದ್ದಿದರು. ಗಂಡ ಅನಂತರಾಯರಿಗೆ ಆಳಂದದ ಹೈಸ್ಕೂಲಿಗೆ ವರ್ಗವಾದ ಮೇಲೆ ಪಡಸಾಲೆಯಲ್ಲಿ ನಕ್ಷೆ ಬರೆಯಲು ತಮ್ಮದೇ ಹಲಗೆ ಹಾಕಿಕೊಂಡರು. ಆಮೇಲೆ ಅಫಜಲಪುರ, ಜೇವರ್ಗಿಯಿಂದಲೂ ಜನ ಬರತೊಡಗಿದರು.

೧೯೯೨ರ ಬೇಸಿಗೆಯಲ್ಲಿ ಒಂದು ದಿನ ಅಫಜಲಪುರದ ಗೌಂಡಿ ಲಾಡ್ಲೆಸಾಬ ನಕ್ಷೆಯ ಸುರುಳಿ ಹಿಡಿದು ಬಂದ. ಹಾಳೆ ಬಿಡಿಸಿ ಮೆಟ್ಟಿಲಿನ ಮೇಲೆ ಬೆರಳಿಟ್ಟ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಈ ಗೆರಿ ನೀವೇ ಹೊಡದದ್ದೇನ್ರಿ?"

"ನಾನೇ ಹೊಡದೀನಿ. ಯಾಕ?"

"ಮೆಟ್ಟಿಲು ಹನ್ನೊಂದೋ ಹನ್ನೆರಡೋ ತಿಳೀವಲ್ದು. ಕೇಳಿ ಹೋಗೂಣಂತ ಬಂದೆ."

ಹನ್ನೆರಡು ಎಂದು ಹೇಳಿ ಕಳಿಸಿದರು. ಅವನು ಹೋದ ಮೇಲೆ ಆ ಗೆರೆಗಳನ್ನೇ ನೋಡುತ್ತ ಕುಳಿತರು. ಬಲಗೈ ನಡುಗುತ್ತಿರುವುದು ಅವರಿಗೆ ಒಂದು ವರ್ಷದಿಂದ ಗೊತ್ತಿತ್ತು. ಉಸಿರು ಬಿಗಿಹಿಡಿದು, ಭಾರದ ಅಳತೆಪಟ್ಟಿಯನ್ನು ಹಾಳೆಗೆ ಒತ್ತಿ ಹಿಡಿದು ಹೇಗೋ ಸಾಗಿಸಿದ್ದರು. ಬೇರೆಯವರ ಕಣ್ಣಿಗೆ ಬಿದ್ದದ್ದು ಅವತ್ತೇ ಮೊದಲು. ಇದು ವಂಶದಲ್ಲಿ ಬಂದದ್ದು, ಜೀವಕ್ಕೆ ಅಪಾಯವಿಲ್ಲ, ಹಾಗೆಂದು ಹೋಗುವಂಥದ್ದೂ ಅಲ್ಲ ಎಂದು, ಆಮೇಲೆ ಹೋಗಿ ತೋರಿಸಿದಾಗ, ಸೊಲ್ಲಾಪುರದ ಡಾಕ್ಟರು ಹೇಳಿದರು.

"ಸಾಕು ಮಾಡು. ಇಷ್ಟು ದಿನ ದುಡದದ್ದು ಕಡಿಮಿ ಆತೇನು?" ಎಂದರು ಅನಂತರಾಯರು.

"ಕೈ ನಡಗಾಕತ್ತದರಿ, ತಲಿ ಅಲ್ಲ."

ಪ್ರಮಿಲಾಬಾಯಿಯವರ ತಮ್ಮ ವ್ಯಂಕಟೇಶ ಸೊಲ್ಲಾಪುರದಲ್ಲಿ ಕಟ್ಟಡಗಳ ವಿನ್ಯಾಸ ಮಾಡುತ್ತಿದ್ದ. ಅವನ ಕಚೇರಿಗೆ ಹೊಸದಾಗಿ ಬಣ್ಣದ ಪರದೆಯ ಕಂಪ್ಯೂಟರ್ ಬಂದಿತ್ತು. ಪರದೆಯ ಅಂಚಿನಲ್ಲಿ ಸಣ್ಣ ಸಣ್ಣ ಚಿತ್ರಗಳು. ಮೌಸ್ ಸರಿಸಿ ಒಂದು ಚಿತ್ರ ಒತ್ತಿದರೆ ಗೋಡೆ, ಇನ್ನೊಂದು ಒತ್ತಿದರೆ ಬಾಗಿಲು. ಮುಂದೆ ಎಲ್ಲರೂ ಕೊಳ್ಳುವುದು ಇಂಥದ್ದೇ ಎಂದು ಹೇಳಿ ವ್ಯಂಕಟೇಶ ಅಕ್ಕನನ್ನು ಅದರ ಮುಂದೆ ಕೂಡಿಸಿದ.

ಪ್ರಮಿಲಾಬಾಯಿ ಮೌಸ್ ಹಿಡಿದರು. ಪರದೆಯ ಮೇಲಿನ ಬಾಣವೂ ನಡುಗಿತು. ಗೋಡೆಯ ಮೂಲೆಗೆ ಗೆರೆ ಮುಟ್ಟಿಸಲು ಹೋದರೆ ಅದು ಮೂಲೆ ದಾಟಿ ಎಲ್ಲೋ ನಿಂತಿತು. ನಾಲ್ಕು ಸಲ ಅಳಿಸಿ ಐದನೆಯ ಸಲ ಎಳೆದರು. ಕೋಣೆಯ ಗೋಡೆಗಳು ಒಂದಕ್ಕೊಂದು ಮುಟ್ಟಲೇ ಇಲ್ಲ.

ವ್ಯಂಕಟೇಶ ಮೆಲ್ಲಗೆ, "ಅಕ್ಕಾ, ನೀ ಬಾಯಿಲೆ ಹೇಳು, ನಮ್ಮ ಆಫೀಸಿನವರು ಬರೀತಾರ" ಎಂದ.

"ಹೇಳಿ ಬರಸೂದಿದ್ರ ನಾ ಕಲತದ್ದು ಯಾಕ?" ಎಂದು ಎದ್ದರು. ಆಳಂದದ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತವರು ಊರು ಬರುವವರೆಗೂ ತಿರುಗಲಿಲ್ಲ.

ಆದರೆ ವಾರದೊಳಗೆ ಗುಲಬರ್ಗಾಕ್ಕೆ ಹೊರಟರು. ಅಲ್ಲಿ ಮಹಾದೇವಪ್ಪ ಎಂಬವರು ಕಂಪ್ಯೂಟರ್ ತರಬೇತಿ ಕೊಡುತ್ತ, ಮಷಿನ್‌ಗಳನ್ನು ಜೋಡಿಸಿಯೂ ಕೊಡುತ್ತಿದ್ದರು. ಅವರಲ್ಲಿದ್ದದ್ದು ಡಾಸ್ ಮೇಲೆ ನಡೆಯುವ ಮಷಿನ್. ಕಪ್ಪು ಪರದೆ, ಕೆಳಗೆ ಅಕ್ಷರ ಹೊಡೆಯಲು ಒಂದು ಸಾಲು, ಅಷ್ಟೇ.

"ಇದು ಹಳೇ ಪದ್ಧತಿ ಆತ್ರಿ ಬಾಯಾರ. ಎಲ್ಲಾ ಬಾಯಿಪಾಠ ಇರಬೇಕು" ಎಂದರು ಮಹಾದೇವಪ್ಪ.

"ಉದ್ದ ಎಷ್ಟು, ಯಾವ ಕಡೆ ಅಂತ ಬರದು ಕೊಟ್ರ ಅದೇ ಗೆರಿ ಎಳೀತದೇನ್ರಿ? ಮೌಸ್ ಮುಟ್ಟದಂಗ?"

"ಎಳೀತದಲ್ರಿ."

ಪ್ರಮಿಲಾಬಾಯಿ ಕೀಲಿಮಣೆಯ ಮುಂದೆ ಕುಳಿತು ಅವರು ಹೇಳಿದಂತೆ ಒಂದೊಂದೇ ಕೀಲಿ ಒತ್ತಿದರು. ಹದಿನೈದು ಅಡಿ, ತೊಂಬತ್ತು ಡಿಗ್ರಿ. ಕಪ್ಪಿನ ಮೇಲೆ ಬಿಳಿಯ ಗೆರೆಯೊಂದು ನೆಟ್ಟಗೆ ಎದ್ದು ನಿಂತಿತು. ಆಮೇಲೆ ಚೀಲದಿಂದ ಗೊಬ್ಬೂರಿನ ಮನೆಯೊಂದರ ಅಳತೆಯ ಹಾಳೆ ತೆಗೆದು, ಸಂಜೆಯ ಬಸ್ಸಿನ ಹೊತ್ತಿಗೆ ಮೂರು ಕೋಣೆ ಎಬ್ಬಿಸಿದರು. ಬೆರಳು ಅದುರಿ ಒಂದು ಅಂಕಿ ಎರಡು ಸಲ ಬಿದ್ದರೆ ಅಳಿಸಿ ಮತ್ತೆ ಹೊಡೆದರು. ತಪ್ಪು ಅಕ್ಷರದಲ್ಲಿ ಆಗುತ್ತಿತ್ತು, ಗೆರೆಯಲ್ಲಿ ಆಗುತ್ತಿರಲಿಲ್ಲ.

"ಆಳಂದದಾಗ ಇದು ಕೆಟ್ರ?" ಎಂದು ಕೇಳಿದರು.

"ನಾನೇ ಬಂದು ಬಿಚ್ಚಿ ನೋಡ್ತೇನ್ರಿ."

"ಹಂಗಾದ್ರ ಇದೇ ಇರಲಿ."

ವ್ಯಂಕಟೇಶನಿಗೆ ಇದು ಹಿಡಿಸಲಿಲ್ಲ. ನಾಲ್ಕು ವರ್ಷದಲ್ಲಿ ಮೂಲೆಗೆ ಬೀಳುವ ಮಷಿನ್ ಅದು ಎಂದು ಕಾಗದ ಬರೆದ. "ನಾಲ್ಕು ವರ್ಷ ಬರೆದರೆ ನಾಲ್ಕು ನೂರು ಮನೆ" ಎಂದು ಅಕ್ಕ ಅದೇ ಕಾಗದದ ಬೆನ್ನಿಗೆ ಬರೆದು ತಿರುಗಿ ಕಳಿಸಿದರು. ಮಣಿಕಟ್ಟು ಊರಲು ಬಡಿಗನಿಂದ ಒಂದು ದಪ್ಪ ಪಟ್ಟಿ ಮಾಡಿಸಿಕೊಂಡರು. ಕರೆಂಟು ಯಾವಾಗ ಹೋಗುವುದೋ ಎಂದು ಹತ್ತು ನಿಮಿಷಕ್ಕೊಮ್ಮೆ ಬರೆದದ್ದನ್ನು ಉಳಿಸುವ ರೂಢಿ ಮಾಡಿಕೊಂಡರು. ಆರು ತಿಂಗಳು ಒಂದೂ ಹೊಸ ಕೆಲಸ ಹಿಡಿಯದೆ, ತಾವೇ ಹಿಂದೆ ಬರೆದ ನಕ್ಷೆಗಳನ್ನು ಮತ್ತೆ ಬರೆದು ಕಲಿತರು. ಮಷಿನ್‌ಗೆ ಕೊಡುವ ಮುನ್ನೂರು ಆದೇಶಗಳು ಬಾಯಿಪಾಠವಾದವು.

ಗೊಬ್ಬೂರಿನ ಮನೆಯ ನಕ್ಷೆ ಮುಗಿದ ದಿನ ಅದನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಹೋದರು. ನಕ್ಷೆಯನ್ನು ಶಾಯಿಯಲ್ಲಿ ಬರೆಯುವ ಪ್ಲಾಟರ್ ಇದ್ದದ್ದು ವ್ಯಂಕಟೇಶನಲ್ಲಿ. ಅವನ ಮಷಿನ್ ಆ ಫ್ಲಾಪಿಯನ್ನು ಓದಿತು. ಪ್ಲಾಟರ್ ತಾನೇ ಪೆನ್ನು ಎತ್ತಿಕೊಂಡು ಹಾಳೆಯ ಮೇಲೆ ಓಡಾಡಿತು. ಮೂಲೆ ಮೂಲೆಗೆ ಮುಟ್ಟಿತು. ವ್ಯಂಕಟೇಶ ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ, "ನನ್ನ ಮಾತು ತಪ್ಪಾತಕ್ಕಾ" ಎಂದ. ಪ್ರಮಿಲಾಬಾಯಿ ಕಣ್ಣೊರೆಸಿಕೊಂಡು, "ಇನ್ನೆರಡು ಪ್ರತಿ ತಗಿ" ಎಂದರು.

೧೯೯೬ರಲ್ಲಿ ಜೇವರ್ಗಿಯ ಹಣಮಂತರಾಯರು ತೊಗರಿ ಬೇಳೆಯ ಮಿಲ್ ಕಟ್ಟಿಸಲು ಬಂದರು. ಪರದೆಯನ್ನೂ ನಡುಗುವ ಕೈಯನ್ನೂ ನೋಡಿ, "ನಕ್ಷಾ ಮಷಿನ್ ಬರೀತದೇನ್ರಿ?" ಎಂದು ಅನುಮಾನದಿಂದ ಕೇಳಿದರು.

"ನಾ ಬರೀತೇನ್ರಿ. ಅದು ಗೆರಿ ಹಿಡಿದು ನಿಂದರ್ತದ. ಬಾಗಿಲು ಎಷ್ಟು ಅಗಲ ಬೇಕು ಹೇಳ್ರಿ."

"ಲಾರಿ ಒಳಗ ಬರಬೇಕು."

"ಹದಿನಾಕು ಅಡಿ ಇಡೂಣು" ಎಂದು ಪ್ರಮಿಲಾಬಾಯಿ ಮಣಿಕಟ್ಟನ್ನು ಪಟ್ಟಿಯ ಮೇಲೆ ಊರಿ ಒಂದನ್ನೂ ನಾಲ್ಕನ್ನೂ ಒತ್ತಿದರು. ಹಣಮಂತರಾಯರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಗೋದಾಮು ಯಾವ ಕಡೆ ಬರಬೇಕೆಂದು ಹೇಳತೊಡಗಿದರು.