ಕೌನ್ಸೆಲಿಂಗಿಗೆ ಒರಿಜಿನಲ್ ಒಯ್ದದ್ದು

೧೯೯೧ರಲ್ಲಿ ನಾನು ಓದು ಬಿಟ್ಟೆ, ಏಳನೇ ಇಯತ್ತೆಯ ನಡುವೆ. ನಾರಾಯಣಪುರದಿಂದ ಬಸವಕಲ್ಯಾಣಕ್ಕೆ ಬಂದು ವೆಲ್ಡಿಂಗ್ ಅಂಗಡಿ ಸೇರಿದೆ. ಇವತ್ತು ಈ ಊರಿನ ಯಾವ ಓಣಿಗೆ ಹೋದರೂ ನನ್ನ ಕೈಯ ಗೇಟು ಒಂದಾದರೂ ಸಿಗುತ್ತದೆ. ಇದನ್ನು ಜಂಬ ಎಂದರೂ ನನಗೆ ಬೇಸರವಿಲ್ಲ. ಇಂಥ ನಾನು ಇವತ್ತು ಬೆಳಗ್ಗೆ ಒಂದು ಸಾದಾ ಮಾತಿಗೆ ಬೆಚ್ಚಿಬಿದ್ದೆ. ಅಡುಗೆಮನೆಯಿಂದ ದನಿ ಬಂತು: "ಚಹಾಕ್ಕ ಸಕ್ರಿ ಸಾಕೇನ್ರಿ?" ಯಾರನ್ನು ಕೇಳಿದಳೆಂದು ನಾನು ಹಿಂದೆ ತಿರುಗಿ ನೋಡಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿದವಳು ನನ್ನ ಹೆಂಡತಿ ಕಸ್ತೂರಿ, ಕೇಳಿದ್ದು ನನ್ನನ್ನೇ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದವನಿಗೆ ಇದರಲ್ಲಿ ಬೆಚ್ಚುವಂಥದ್ದೇನು ಎನ್ನುತ್ತೀರಿ. ಜರಾ ಕೂತುಕೊಳ್ಳಿ, ಹೇಳುತ್ತೇನೆ.

ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವುದು ನಮ್ಮ ಮನೆಯಲ್ಲಿ ನಾಚಿಕೆಗೇಡು. ನಾನು ಅಂಗಡಿಗೆ ದಿನಾ ಹೋಗಿಬರುತ್ತಿದ್ದೆ, ಸಂಸಾರ ನಾರಾಯಣಪುರದಲ್ಲೇ ಇತ್ತು. ಆ ಮನೆಯಲ್ಲಿ ನನ್ನ ತಾಯಿ ಸದಾ ಪಡಸಾಲೆಯಲ್ಲೇ ಇರುತ್ತಿದ್ದಳು. ನನಗೆ ನೀರು ಬೇಕಾದರೆ ಗೋಡೆಗೆ ಹೇಳಬೇಕು, ಇಲ್ಲವೇ ಎಮ್ಮೆಗೆ. ಮಗಳು ಅಂಬಿಕಾ ಹುಟ್ಟಿ ಮಾತು ಕಲಿತ ಮೇಲೆ ಭಾಳ ಅನುಕೂಲವಾಯಿತು. "ಅಂಬಿಕಾ, ನಿಮ್ಮವ್ವಗ ನೀರು ತಾ ಅನ್ನು." "ಅಂಬಿಕಾ, ನಿಮ್ಮಪ್ಪಗ ರೊಟ್ಟಿ ಆಗ್ಯಾವ ಅನ್ನು." ತಾಯಿ ತೀರಿಕೊಂಡಳು. ನಾವು ಬಸವಕಲ್ಯಾಣದಲ್ಲಿ ಸ್ವಂತ ಮನೆ ಕಟ್ಟಿದೆವು. ಆ ರೂಢಿ ಮಾತ್ರ ಪಾತ್ರೆಪಡಗದ ಜೊತೆ ತಾನೂ ಟೆಂಪೋ ಹತ್ತಿ ಬಂತು. ಕುಡಿತವಿಲ್ಲ, ಹೊಡೆತವಿಲ್ಲ, ಒದರಾಟವಿಲ್ಲ. ನಮ್ಮಷ್ಟು ಶಾಂತ ಸಂಸಾರ ಓಣಿಯಲ್ಲಿ ಇನ್ನೊಂದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಹೋದ ವರ್ಷ ಅಂಬಿಕಾ ಹನ್ನೆರಡನೆಯದು ಪಾಸಾದಳು. ನರ್ಸಿಂಗ್ ಓದಬೇಕೆಂಬುದು ಅವಳ ಆಸೆ. ಒಂದು ದಿನ, "ಅಪ್ಪಾ, ಐತವಾರ ಹುಮನಾಬಾದದಾಗ ಕೌನ್ಸೆಲಿಂಗ್ ಅದ. ನೀವೂ ಬರಬೇಕು, ಅವ್ವನೂ ಬರಬೇಕು" ಎಂದಳು. ಕೌನ್ಸೆಲಿಂಗ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಅರ್ಥ: ವರ್ಗಾವಣೆಯಲ್ಲಿ ಮಾಸ್ತರರಿಗೆ ಊರು ಕೊಡುವುದು, ಮಕ್ಕಳಿಗೆ ಸೀಟು ಕೊಡುವುದು.

"ಒರಿಜಿನಲ್ ಬೇಕೇನು?" ಎಂದು ಕೇಳಿದೆ.

ಅವಳು ಸ್ವಲ್ಪ ತಡೆದು, "ತಗೋರಿ" ಎಂದಳು.

ಮಾರ್ಕ್ಸ್ ಕಾರ್ಡು, ಜಾತಿ-ಆದಾಯ, ಆಧಾರ್, ಎಲ್ಲದರ ಒರಿಜಿನಲ್ಲು, ಜೆರಾಕ್ಸು ಒಂದು ಫೈಲಿನಲ್ಲಿ ಜೋಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಹೊರಟೆ. ನನ್ನ ಅಂಗಡಿಯ ಬಾಜೂ ಪಂಕ್ಚರ್ ತಿದ್ದುವ ಮೌಲಾ ಬಿಡಬೇಕಲ್ಲ. "ಏನ್ ಭಾಯ್, ಎರಡನೇ ಲಗ್ನಕ್ಕ ಹೊಂಟೀರೇನು?"

"ಮಗಳ ಕೌನ್ಸೆಲಿಂಗ್ ಅದಪಾ."

"ಹಂಗಾದ್ರ ನನಗೂ ಒಂದು ಸೀಟು ಹಿಡೀರಿ. ಕಿಟಕಿ ಬಾಜೂಕಿನದು."

ಬಸ್ಸಿನಲ್ಲಿ ಕಿಟಕಿಯ ಬಳಿ ನಾನು, ನಡುವೆ ಅಂಬಿಕಾ, ಆಚೆ ಕಸ್ತೂರಿ. ಗಾಳಿಯ ಸಪ್ಪಳದಲ್ಲಿ ಕಸ್ತೂರಿ ಮಗಳ ಕಿವಿಯಲ್ಲಿ ಏನೋ ಅಂದಳು. ಅಂಬಿಕಾ ನನ್ನ ಕಡೆ ತಿರುಗಿ, "ಅಪ್ಪಾ, ನಿಮಗ ಥಂಡಿ ಗಾಳಿ ಬಡೀತದಂತ, ಕಿಟಕಿ ಮುಚ್ಚಬೇಕಂತ ಅವ್ವ ಅಂತಾಳ" ಎಂದಳು. ನಾನು ಸಂತೋಷದಿಂದ ಮುಚ್ಚಿದೆ.

ಹುಮನಾಬಾದದಲ್ಲಿ ನಾನು ದೊಡ್ಡ ಕಾಲೇಜು, ಉದ್ದ ಪಾಳಿ ನೆನೆಸಿಕೊಂಡಿದ್ದೆ. ಸಿಕ್ಕಿದ್ದು ಔಷಧಿ ಅಂಗಡಿಯ ಮೇಲಿನ ಒಂದು ಖೋಲಿ. ಒಳಗೆ ಒಬ್ಬ ಮೇಡಂ, ನಾಲ್ಕು ಕುರ್ಚಿ. ಅಂಬಿಕಾಳ ಕಾಲೇಜಿಗೆ ಒಮ್ಮೆ ಭಾಷಣಕ್ಕೆ ಬಂದಿದ್ದವರಂತೆ. ನಾನು ಫೈಲು ಬಿಚ್ಚಿ ಮುಂದೆ ಹಿಡಿದೆ.

"ಇವು ಯಾಕಣ್ಣಾ?"

"ಸೀಟಿಗ್ರಿ."

ಆಕೆ ನಗಲಿಲ್ಲ. ಕುರ್ಚಿ ತೋರಿಸಿ, "ನನ್ನ ಹತ್ತರ ಇರೂ ಸೀಟು ಇದೊಂದ ನೋಡ್ರಿ. ಕೂಡ್ರಿ" ಎಂದರು. ಮನೆಯ ಮಂದಿಯನ್ನು ಕೂರಿಸಿಕೊಂಡು ಮಾತಾಡಿಸುವುದಕ್ಕೂ ಕೌನ್ಸೆಲಿಂಗ್ ಅನ್ನುತ್ತಾರೆಂದು ನನಗೆ ಆಗ ತಿಳಿಯಿತು. ನನಗೆ ಸಿಟ್ಟು ಬಂತು. ನಮ್ಮದೇನು ಕೋರ್ಟಿಗೆ ಹೋದ ಸಂಸಾರವೇ? ಎದ್ದು ನಿಂತೆ. ಆಗ ಅಂಬಿಕಾ ಅಂದಳು, "ಸೀಟು ಬಂದದ ಅಪ್ಪಾ, ಕಲಬುರಗಿದಾಗ. ನಾ ಹೋಗಂಗಿಲ್ಲ. ನಾ ಹೋದ್ರ ನೀವಿಬ್ಬರೂ ಮೂಕರಾಗ್ತೀರಿ."

ನಾನು ಮತ್ತೆ ಕೂತೆ.

ಮೇಡಂ ಮೆಲ್ಲಗೆ, "ಅಣ್ಣಾ, ಮಗಳ ಸೀಟಿನ ಬಗ್ಗೆ ಅಕ್ಕನವರಿಗೆ ಒಂದು ಮಾತು ಕೇಳ್ರಿ" ಎಂದರು. ಅದೇನು ದೊಡ್ಡ ಕೆಲಸ? ಗಂಟಲು ಸರಿಮಾಡಿಕೊಂಡು, "ಅಂಬಿಕಾ, ನಿಮ್ಮವ್ವಗ ಕೇಳು..." ಎಂದೆ. ಇನ್ನೊಮ್ಮೆ ಬಾಯಿ ತೆರೆದೆ. ಮಗಳ ಹೆಸರನ್ನು ಬಿಟ್ಟರೆ ಮಾತು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ.

"ಇನ್ನೊಂದು ಹೇಳೂದದ," ಎಂದಳು ಅಂಬಿಕಾ. "ನಾ ಇಬ್ಬರಿಗೂ ತಂದು ಹೇಳಿದ್ದು ಎಲ್ಲಾ ಖರೇ ಅಲ್ಲ. ಅರ್ಧಕ್ಕರ್ಧ ನಂದೇ."

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಬಸ್ಸಿನಲ್ಲಿ ಕಸ್ತೂರಿ ಅಂದದ್ದು, "ನನ್ನ ಮಾರಿ ಮ್ಯಾಲ ಧೂಳ ಬರಾಕತ್ತದ, ಮುಚ್ಚಂತ ಹೇಳು" ಎಂದಷ್ಟೇ. ಹೊಸ ಮನೆಗೆ ನಾನು ಕಮಲದ ಹೂವಿನ ಗೇಟು ಕೂಡಿಸಿದಾಗ, "ಇಂಥಾ ಗೇಟು ಓಣ್ಯಾಗ ಯಾರದೂ ಇಲ್ಲಂತ ಅವ್ವ ಅಂದಾಳ" ಎಂದು ಓಡಿಬಂದು ಹೇಳಿದ್ದಳಲ್ಲ, ಆ ಮಾತು ಎಷ್ಟೋ ಗಿರಾಕಿಗಳ ಮುಂದೆ ನಾನು ಹೇಳಿಕೊಂಡದ್ದು. ಅವತ್ತು ಕಸ್ತೂರಿ ಅಂದದ್ದು ಬೇರೆ: "ಭಾಳ ಸಪ್ಪಳ ಮಾಡ್ತದ, ಎಣ್ಣಿ ಹಾಕಂತ ಹೇಳು."

ಬೆಸುಗೆ ಹಾಕಿದ ಮೇಲೆ ಗ್ರೈಂಡರ್ ಹಚ್ಚಿ ಜೋಡಿಸಿದ ಗುರುತು ಕಾಣದ ಹಾಗೆ ನುಣುಪು ಮಾಡುತ್ತೇವೆ. ಆ ಕೆಲಸವನ್ನು ನನ್ನ ಮಗಳು ಲಂಗ ತೊಡುವ ವಯಸ್ಸಿನಿಂದ ನಮ್ಮ ಮಾತಿಗೆ ಮಾಡುತ್ತ ಬಂದಿದ್ದಳು. ಶಾಂತ ಸಂಸಾರ ಎಂದು ನಾನು ಹೆಮ್ಮೆಪಟ್ಟದ್ದು ಆ ಹುಡುಗಿಯ ದುಡಿಮೆ.

ಆದರೆ ಅದಕ್ಕಿಂತ ದೊಡ್ಡ ಏಟು ಇನ್ನೂ ಬಾಕಿ ಇತ್ತು. ಕಸ್ತೂರಿ ಸೆರಗು ಸರಿಮಾಡಿಕೊಂಡು, ಮಗಳನ್ನು ದಾಟಿ, ನೇರ ನನ್ನ ಮುಖ ನೋಡಿದಳು.

"ದಿನಾ ಅಂಗಡಿಯಿಂದ ಬಂದಕೂಡ್ಲೆ, ಅವ್ವ ಉಂಡಾಳೇನಂತ ಅಪ್ಪ ಕೇಳ್ಯಾರ ಅಂತಿದ್ಳು ಇಕಿ. ನೀವು ಕೇಳಿಲ್ಲೇನ್ರಿ?"

ಹೂಂ ಅಂದುಬಿಡಬಹುದಿತ್ತು. ಅಂಬಿಕಾ ನನ್ನನ್ನೇ ನೋಡುತ್ತಿದ್ದಳು. ನಾನು ಹೂಂ ಅಂದರೆ ಮತ್ತೆ ಅವಳ ಕೆಲಸವೇ ಶುರು.

"ಇಲ್ಲ," ಎಂದೆ.

ಕಸ್ತೂರಿ ಮಗಳ ಕಡೆ ತಿರುಗಿ, "ನೀ ಹೋಗವ್ವಾ ಕಲಬುರಗಿಗೆ. ಮಾತು ಬಂದ್ರ ಆಡ್ತೀವಿ, ಬರಲಿಲ್ಲಂದ್ರ ಜಗಳಾನರೆ ಆಡ್ತೀವಿ. ನಿನಗ ಇನ್ನ ಸಾಕು" ಎಂದಳು.

ವಾಪಸು ಬರುವಾಗ ಅಂಬಿಕಾ ತಾನೇ ಮುಂದಿನ ಸೀಟಿಗೆ ಹೋಗಿ ಕೂತು, ಬಸ್ಸು ಊರು ದಾಟುವುದರೊಳಗೆ ನಿದ್ದೆ ಹೋದಳು. ಎಷ್ಟೋ ದಿನದ ನಿದ್ದೆ ಇದ್ದಂತಿತ್ತು. ನನ್ನ ಪಕ್ಕ ಕಸ್ತೂರಿ. ನಾನು ಕಿಟಕಿ ಮುಚ್ಚಿ, ಹೊರಗೆ ನೋಡುತ್ತಲೇ, "ಹಸಿವಾಗ್ಯದೇನು?" ಎಂದೆ.

"ಇಷ್ಟು ವರ್ಷದ್ದು ಒಮ್ಮೆಲೇ ಕೇಳಾಕತ್ತೀರೇನು?" ಎಂದಳು.

ಆಮೇಲೆ ಇನ್ನೂ ಕೆಲವು ಐತವಾರ ಆ ಖೋಲಿಗೆ ನಾವಿಬ್ಬರೇ ಹೋಗಿ ಬಂದೆವು, ಫೈಲಿಲ್ಲದೆ. ಮೌಲಾ, "ಸೀಟು ಸಿಕ್ತೇನ್ ಭಾಯ್?" ಎಂದು ಕೇಳುತ್ತಲೇ ಇದ್ದ. ಎರಡು ಸಿಕ್ಕವು ಎಂದು ಹೇಳಿದ್ದೇನೆ.

ಹಳೆಯ ರೂಢಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಅದಕ್ಕೇ ಬೆಳಗ್ಗೆ ಹಿಂದೆ ತಿರುಗಿ ನೋಡಿದ್ದು. ಇವತ್ತಿನ ಚಹಾದಲ್ಲಿ ಸಕ್ಕರೆ ಕಡಿಮೆಯಿತ್ತು. "ಕಡಿಮಿ ಆಗ್ಯದ," ಎಂದೆ. "ಡಬ್ಬಿ ಅಲ್ಲೇ ಅದ, ಹಾಕ್ಕೋರಿ. ಹಂಗೇ ಆ ಗೇಟಿಗೆ ಎಣ್ಣಿ ಹಾಕ್ರಿ," ಎಂದಳು. ನುಣುಪಿಲ್ಲದ ಮಾತು, ಬಂದ ಹಾಗೇ ಬಂತು. ಎದ್ದು ಹೋಗಿ ಎಣ್ಣೆ ಹಾಕಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಅಂಗಡಿ, ಎರಡು ವೆಲ್ಡಿಂಗ್ ಮಷೀನು, ಒಂದು ಮನೆ, ಸಪ್ಪಳ ಮಾಡದ ಒಂದು ಗೇಟು, ಕಲಬುರಗಿಯಲ್ಲಿ ಓದುವ ಒಬ್ಬ ಮಗಳು, ನನ್ನ ಜೊತೆ ಮಾತಾಡುವ ಒಬ್ಬ ಹೆಂಡತಿ.