ಮರಳಿ ಇಳಿಯುವ ಧಾರೆ

ಅನ್ನದ ಪಾತ್ರೆಯ ಮುಚ್ಚಳ ಎತ್ತಿದಾಗ ಅದರ ಒಳಮೈಯಲ್ಲಿ ಕೂತ ಹನಿಗಳು ತೊಟತೊಟನೆ ಮತ್ತೆ ಅನ್ನಕ್ಕೇ ಬೀಳುವುದನ್ನು ನೀವೂ ನೋಡಿರುತ್ತೀರಿ. ಮೇಲೇರಿದ್ದು ಹೀಗೆ ಕೆಳಗಿಳಿಯುವುದನ್ನು ನಾನು ಎಂದೂ ಗಣನೆಗೆ ತೆಗೆದುಕೊಂಡವಳಲ್ಲ. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಬಟ್ಟಿ ಇಳಿಸುವ ಗೋಪುರದ ಚಿತ್ರ ಬರೆದು, ಆ ಇಳಿಯುವ ಧಾರೆಗೆ ‘ರಿಫ್ಲಕ್ಸ್’ ಎಂದು ಬಾಣ ಹಾಕಿ ಪೂರ್ತಿ ಅಂಕ ಗಿಟ್ಟಿಸಿದ್ದೆ, ಅಷ್ಟೇ.

ನಾನು ಎಂಜಿನಿಯರಾಗಿ ಸೇರಿದ ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ, ಬಳಸಿ ಕೊಳೆಯಾದ ದ್ರಾವಕವನ್ನು ಕಾಯಿಸಿ ಶುದ್ಧ ಮಾಡುವ ಗೋಪುರವನ್ನು ನೋಡಿಕೊಳ್ಳುತ್ತಿದ್ದವರು, ರಾಗಿ ಹೊಲ ಬಿಟ್ಟು ಗುತ್ತಿಗೆ ಕೆಲಸಕ್ಕೆ ಬಂದಿದ್ದ ಮುನಿಯಪ್ಪ. ತುದಿಯಲ್ಲಿ ಆವಿ ತಣಿದು ದ್ರವವಾದರೆ, ಅದರ ಮುಕ್ಕಾಲು ಪಾಲನ್ನು ಅವರು ಮತ್ತೆ ಗೋಪುರದೊಳಕ್ಕೇ ಇಳಿಬಿಡುತ್ತಿದ್ದರು. ಕೈಗೆ ಬಂದ ತುತ್ತನ್ನು ಪಾತ್ರೆಗೆ ಸುರಿದಂತೆ ಕಂಡು ನನಗೆ ಹೊಟ್ಟೆ ಉರಿಯಿತು. ಸಂಜೆಯೊಳಗೆ ಟ್ಯಾಂಕ್ ತುಂಬಿಸಿ ತೋರಿಸುವ ಹುಮ್ಮಸ್ಸಿನಲ್ಲಿ ಅವರನ್ನು ಬಾಯ್ಲರ್ ಕಡೆಗೆ ಕಳಿಸಿ, ಆ ಧಾರೆಯನ್ನು ಒಳಗೆ ಬಿಡುವ ವಾಲ್ವನ್ನು ಮುಚ್ಚಿಬಿಟ್ಟೆ.

ಟ್ಯಾಂಕೇನೋ ತುಂಬಿತು. ಸರಕು ಪೂರಾ ಕೆಟ್ಟಿದೆ ಎಂದರು ಲ್ಯಾಬಿನವರು.

ಮರಳಿ ಬಂದ ಮುನಿಯಪ್ಪ ವಾಲ್ವನ್ನೂ ನನ್ನ ಮುಖವನ್ನೂ ನೋಡಿದರು. “ಮೇಲಕ್ಕೆ ಬಂದಿದ್ದೆಲ್ಲಾ ಶುದ್ಧ ಅಂದ್ಕೊಂಡ್ಬಿಟ್ರಾ ಮೇಡಂ? ಆವಿ ಜೊತೆ ಕೊಳೇನೂ ಹತ್ತುತ್ತೆ. ಇಳಿಯೋದು ಅದನ್ನ ತೊಳ್ಕೊಂಡು ಬರುತ್ತೆ. ಅದಿಲ್ದಿದ್ರೆ ಇದು ಬರೀ ಉದ್ದನೆ ಪೈಪು ಕಣಮ್ಮ.”

ನಾನು ದಂಗಾದೆ. ಹಿಂದಿರುಗುವುದೆಂದರೆ ಸೋಲು ಎಂದು ನನಗೆ ಯಾರು ಕಲಿಸಿದರೋ ಕಾಣೆ. ಏರುವುದೊಂದನ್ನೇ ಬೆಳವಣಿಗೆ ಎಂದುಕೊಂಡು, ಇಳಿದು ಬಂದು ಏರುವುದನ್ನು ತೊಳೆಯುವ ಧಾರೆಯನ್ನು ನಷ್ಟದ ಬಾಬ್ತಿಗೆ ಸೇರಿಸಿದ್ದೆನಲ್ಲ ಎಂದು ನಾಚಿಕೆಯಾಯಿತು.

ಕೆಟ್ಟ ಸರಕನ್ನು ಮೊದಲ ಟ್ಯಾಂಕಿಗೇ ಮರಳಿಸಿ ಮತ್ತೆ ಕಾಯಿಸಲು ಒಂದು ಕೊಳವೆ ಇದೆ. ದ್ರಾವಕಕ್ಕೆ ಎರಡನೆಯ ಅವಕಾಶ ಉಂಟು. ಮುನಿಯಪ್ಪನವರಿಗೆ ಮಾತ್ರ, ನಾಳೆಯಿಂದ ಬರಬೇಡಿ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಮ್ಯಾನೇಜರ್ ಬಳಿಗೆ ಓಡಿಹೋಗಿ, ವಾಲ್ವ್ ಮುಚ್ಚಿದವಳು ನಾನು ಎಂದೆ.

“ಇವತ್ತಿನ ಪಾಳಿಯ ಲಾಗ್‌ಬುಕ್ಕಲ್ಲಿ ಅವ್ರ ಸಹಿ ಇದೆ. ನಿಮ್ಮ ಹೆಸ್ರು ಎಲ್ಲೂ ಇಲ್ವಲ್ಲ, ಬಿಡಿ ಮೇಡಂ,” ಎಂದರು ಅವರು, ಉಪಕಾರ ಮಾಡುವವರಂತೆ.

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಮೊದಲು ಆದದ್ದು ನೆಮ್ಮದಿ. ಕೆಟ್ಟ ಸರಕಿಗಿಂತ ಹೆಚ್ಚಾಗಿ ನನ್ನನ್ನು ಬೆಚ್ಚಿಬೀಳಿಸಿದ್ದು ಆ ನೆಮ್ಮದಿಯೇ. ಅವರ ಮೇಜಿನ ಮೇಲಿದ್ದ ಲಾಗ್‌ಬುಕ್ ಎಳೆದುಕೊಂಡು, ಮುನಿಯಪ್ಪನವರ ಸಹಿಯ ಕೆಳಗೆ ನಾನು ಮಾಡಿದ್ದನ್ನೂ ನನ್ನ ಹೆಸರನ್ನೂ ಬರೆದೆ. ಅವಸರದಲ್ಲಿ ಅಕ್ಷರಗಳು ಸೊಟ್ಟಗಾದವು. ಆದರೂ ಓದಲು ಬರುವಂತಿದ್ದವು.